ಚೇಳಿಗೊಂದು ಟಾರ್ಚು

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಸಿಗುವುದು ಫಜೀತಿ. ನಾನೇನೂ ಅದನ್ನು ಹುಡುಕಿಕೊಂಡು ಹೋಗುವವಳಲ್ಲ. ಪೇಟೆಯಿಂದ ಒಂದು ಸಣ್ಣ ಸಾಮಾನು ತರೋಣ ಎಂದು ಚಪ್ಪಲಿ ಮೆಟ್ಟಿದರೆ ಸಾಕು, ಅದು ಗೇಟಿನ ಹತ್ತಿರ ಕಾದು ನಿಂತಿರುತ್ತದೆ. ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಇಂಥವು ಸುಮಾರು ಆಗಿಹೋಗಿದ್ದವು. ಆದರೆ ಒಂದು ಟಾರ್ಚು ಆರಿಸಿಕೊಳ್ಳುವುದರಲ್ಲಿ ಆದಷ್ಟು ಬೇರೆ ಯಾವುದರಲ್ಲೂ ಆಗಲಿಲ್ಲ.

ಆಗ ನಮ್ಮ ಮನೆಗೆ ಮೊಬೈಲು ಬಂದಿತ್ತು, ಸಿಗ್ನಲ್ಲು ಬಂದಿರಲಿಲ್ಲ. ಹಾಗಾಗಿ ಆ ಫೋನು ಬಂದದ್ದು ಲ್ಯಾಂಡ್‌ಲೈನಿಗೆ. ಮಾಡಿದವಳು ನನ್ನ ಗೆಳತಿ. ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು ನಾವು. ನಾನು ಓದು ಮುಗಿಸಿ ಊರಿಗೆ ಬಂದೆ, ಅವಳು ಮುಂದೆ ಓದಿ ರಾಜಸ್ಥಾನದ ಮರುಭೂಮಿ ಸೇರಿದಳು. ಅಲ್ಲಿ ರಾತ್ರಿ ಹೊತ್ತು ಓಡಾಡುವ ಹುಳಹುಪ್ಪಟೆಗಳನ್ನು ಎಣಿಸುವುದು, ಅದರಲ್ಲೂ ಚೇಳುಗಳನ್ನು ಎಣಿಸುವುದು ಅವಳ ಕೆಲಸ. ದಸರಾ ರಜೆಗೆ ನೀನೂ ಬಾ, ಹದಿನೈದು ದಿನ ನನ್ನ ಜೊತೆ ಇದ್ದು ಹೋಗು ಅಂದಳು. ಬರುವಾಗ ಒಂದು ಅಲ್ಟ್ರಾವಯಲೆಟ್ ಟಾರ್ಚು ತಗೊಂಡು ಬರಬೇಕು, ನನ್ನ ಹತ್ತಿರ ಇರುವುದು ಒಂದೇ ಅಂದಳು. ಚೇಳು ಹಗಲಲ್ಲಿ ಮರಳಿನದೇ ಬಣ್ಣ. ಕತ್ತಲಲ್ಲಿ ಅದರ ಮೇಲೆ ಈ ಟಾರ್ಚಿನ ಬೆಳಕು ಬಿದ್ದರೆ ಮೈಯೆಲ್ಲ ಹಸಿರಾಗಿ, ರೇಡಿಯಂ ಗಡಿಯಾರದ ಮುಳ್ಳಿನ ಹಾಗೆ ಹೊಳೆಯುತ್ತದೆ.

ನಾನು ಖುಷಿಯಿಂದ ಒಪ್ಪಿಕೊಂಡೆ. ಒಂದು ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ನನಗೆ ಚೇಳು ಅಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ಪ್ರತಿ ವರ್ಷ ಬೋರ್ಡಿನ ಮೇಲೆ ಅದರ ಚಿತ್ರ ಬರೆಯುತ್ತಿದ್ದೆ ನಿಜ, ಆದರೆ ಬಾಲ ಬರೆದು ಮುಗಿಸಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದೆ.

ಕಾಣದ ಬೆಳಕು

ಮೊದಲು ಹೋದದ್ದು ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ. ಅಂಗಡಿಯ ಯಜಮಾನರು ವಯಸ್ಸಾದವರು, ಮಾತು ನಿಧಾನ. ಗಿರಾಕಿ ಕೇಳಿದ್ದು ಇಲ್ಲ ಅಂತ ಹೇಳಿ ಕಳಿಸುವುದು ಅವರ ಜಾಯಮಾನದಲ್ಲೇ ಇಲ್ಲ. ನಾನು ಅಲ್ಟ್ರಾವಯಲೆಟ್ ಅಂದಾಗ ಅವರು ಯಾವ ಕಂಪೆನಿ ಅಂತ ಕೇಳಿದರು. ಕಂಪೆನಿ ಅಲ್ಲ, ಬೆಳಕಿನ ಜಾತಿ ಅಂದೆ. ಹೋಟೆಲಿನವರು ನೊಣ ಸಾಯಲಿ ಅಂತ ತೂಗುಹಾಕುವ ನೀಲಿ ಟ್ಯೂಬು ತೋರಿಸಿದರು. ಅಲ್ಲ ಅಂದೆ. ತೋಟ ಕಾಯುವವರು ತಲೆಗೆ ಕಟ್ಟಿಕೊಳ್ಳುವ ಲೈಟು ತೋರಿಸಿದರು. ಅದೂ ಅಲ್ಲ ಅಂದೆ. ಏನಕ್ಕೆ ಬೇಕಾಗಿತ್ತು ಅಂತ ಕೇಳಿದರು. ಚೇಳು ನೋಡಲಿಕ್ಕೆ ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಮನೆಯಲ್ಲಿ ಯಜಮಾನರು ಆರಾಮಾಗಿದ್ದಾರಾ ಅಂತ ವಿಚಾರಿಸಿದರು.

ಹೇಗಾದರೂ ಅರ್ಥ ಮಾಡಿಸಬೇಕು ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಕಾಮನಬಿಲ್ಲಿನಲ್ಲಿ ನೇರಳೆ ಇದೆಯಲ್ಲ, ಅದರ ಆಚೆಗೆ ಇನ್ನೊಂದು ಬೆಳಕಿದೆ, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಟಾರ್ಚು ಹಾಕಿದರೂ ಹಾಕಿದ್ದು ಗೊತ್ತಾಗುವುದಿಲ್ಲ, ಅಂಥದ್ದು ಬೇಕು ಅಂದೆ.

ಅವರ ಮುಖ ಅರಳಿತು. ಇದನ್ನು ಮೊದಲೇ ಹೇಳಬಾರದಾ ಅನ್ನುತ್ತ ಏಣಿ ಹಾಕಿ ಅಟ್ಟ ಹತ್ತಿದರು. ಧೂಳು ಹಿಡಿದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಅದರಿಂದ ಆರು ಟಾರ್ಚು ತೆಗೆದು ಬಟ್ಟೆಯಲ್ಲಿ ಒರೆಸಿ ನನ್ನೆದುರು ಸಾಲಾಗಿ ಇಟ್ಟರು.

"ಗಿರಾಕಿಗಳು ವಾಪಸು ಕೊಟ್ಟಿದ್ದು, ಟೀಚರೇ. ಇದರಲ್ಲಿ ಯಾವುದನ್ನು ಹಾಕಿದರೂ ಬೆಳಕು ಕಾಣುವುದಿಲ್ಲ. ನಿಮಗೆ ಹಿಡಿಸಿದ್ದು ಆರಿಸಿಕೊಳ್ಳಿ."

ಬ್ಯಾಂಕಿನಲ್ಲಿ ಪರೀಕ್ಷೆ

ಗೆಳತಿಗೆ ಫೋನು ಮಾಡಿ ಹೇಳಿದರೆ ಅವಳು ಎರಡು ನಿಮಿಷ ನಕ್ಕಳು. ಆಮೇಲೆ ಸರಿಯಾಗಿ ವಿವರಿಸಿದಳು. ಈ ಟಾರ್ಚಿನಲ್ಲಿ ಎರಡು ಥರ ಇದೆಯಂತೆ. ಒಂದು ಹಾಕಿದ ಕೂಡಲೇ ಎಲ್ಲ ಕಡೆ ದಟ್ಟ ನೇರಳೆ ಬಣ್ಣ ಚೆಲ್ಲುತ್ತದೆ. ನೋಡಲು ಭರ್ಜರಿ, ಆದರೆ ಆ ನೇರಳೆಯಲ್ಲೇ ಅರ್ಧ ಹೊಳಪು ಮುಳುಗಿಹೋಗುತ್ತದೆ. ಇನ್ನೊಂದು ಹಾಕಿದರೆ ಉರಿಯುತ್ತಿದೆಯೋ ಇಲ್ಲವೋ ಅನ್ನುವಷ್ಟು ಮಂಕು. ಅದೇ ಒಳ್ಳೆಯದು. ನಿನಗೆ ಅಂದಾಜು ಸಿಗಬೇಕಾದರೆ ಬ್ಯಾಂಕಿನಲ್ಲಿ ಖೋಟಾ ನೋಟು ಹಿಡಿಯಲು ಇಟ್ಟಿರುವ ಲೈಟು ನೋಡು, ಹೆಚ್ಚು ಕಮ್ಮಿ ಅದೇ ಬೆಳಕು ಅಂದಳು.

ನರಸಿಂಹರಾಜಪುರದ ಒಂದು ಬ್ಯಾಂಕಿನಲ್ಲಿ ನನ್ನ ಹಳೇ ವಿದ್ಯಾರ್ಥಿ ಕ್ಯಾಶಿಯರಾಗಿದ್ದ. ಬರೀ ಲೈಟು ನೋಡಿದರೆ ಆಗಲಿಲ್ಲ, ಅದರಡಿಯಲ್ಲಿ ಇಟ್ಟು ನೋಡಲು ಒಂದು ಚೇಳೂ ಬೇಕಲ್ಲ. ನಮ್ಮ ಸ್ಕೂಲಿನ ಲ್ಯಾಬಿನಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಒಂದು ಚೇಳಿತ್ತು. ಸತ್ತು ಹದಿನೈದು ವರ್ಷವಾಗಿರಬಹುದು. ಆದರೂ ನಾನು ಬಾಟಲಿಯ ಮುಚ್ಚಳಕ್ಕೆ ಮೂರು ಸುತ್ತು ಟೇಪು ಹಾಕಿ, ಅದನ್ನು ಟವೆಲಿನಲ್ಲಿ ಸುತ್ತಿ, ಟವೆಲನ್ನು ಟಿಫಿನ್ ಕ್ಯಾರಿಯರಿನಲ್ಲಿಟ್ಟು, ಕ್ಯಾರಿಯರನ್ನು ಬ್ಯಾಗಿನಲ್ಲಿಟ್ಟು ಬಸ್ಸು ಹತ್ತಿದೆ.

ಬ್ಯಾಂಕಿನಲ್ಲಿ ಅವತ್ತು ಜನವೋ ಜನ. ಎಲ್ಲರ ಕೆಲಸ ಮುಗಿಯಲಿ ಅಂತ ನಾನು ಕಾದರೆ, ಹುಡುಗ ನನ್ನನ್ನು ನೋಡಿದವನೇ ಎದ್ದು ನಿಂತ, ಟೀಚರ್ ಮೊದಲು ನೀವು ಬನ್ನಿ ಅಂದ. ನನ್ನ ಹಿಂದೆ ಅಡಿಕೆ ಮಂಡಿಯ ಒಬ್ಬರು ನಿಂತಿದ್ದರು. ನಾನು ಕ್ಯಾರಿಯರು ಬಿಚ್ಚಿ, ಟವೆಲು ಬಿಚ್ಚಿ, ಬಾಟಲಿಯನ್ನು ಕೌಂಟರಿನ ಕಿಂಡಿಯಲ್ಲಿ ಒಳಗೆ ದೂಡಿದೆ. ಇದನ್ನೊಮ್ಮೆ ನಿನ್ನ ಲೈಟಿನಡಿ ಹಿಡಿ ಅಂತ ಹೇಳಿದೆ. ಯಾಕೆ ಏನು ಅಂತ ಅವನು ಕೇಳಲಿಲ್ಲ. ಹೈಸ್ಕೂಲಿನಲ್ಲೂ ಅವನು ಹಾಗೇ, ಹೇಳಿದ್ದು ಮಾಡುವ ಹುಡುಗ.

ಲೈಟು ಹಾಕಿದ. ಬಾಟಲಿಯೊಳಗೆ ಚೇಳು ಧಗ್ಗನೆ ಹಸಿರಾಯಿತು. ಹದಿನೈದು ವರ್ಷ ಮಂಕಾಗಿ ಬಿದ್ದಿದ್ದದ್ದು ಈಗ ಎದ್ದು ಬರುತ್ತದೋ ಅನ್ನುವ ಹಾಗಿತ್ತು. ನಾನು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಮಂಡಿಯವರ ಕಾಲು ತುಳಿದೆ. ಅವರು ಬಗ್ಗಿ ನೋಡಿ, ಚೇಳು ಅಂತ ಒಂದೇ ಮಾತು ಅಂದರು. ಆ ಒಂದು ಮಾತಿಗೆ ನನ್ನ ಹಿಂದಿನ ಸಾಲು ಬಾಗಿಲವರೆಗೆ ಖಾಲಿಯಾಯಿತು.

ಗಲಾಟೆ ಕೇಳಿ ಮ್ಯಾನೇಜರು ಕ್ಯಾಬಿನ್ನಿನಿಂದ ಹೊರಗೆ ಬಂದರು. ಏನಿದು ಅಂತ ಕೇಳಿದರು. ನನ್ನಿಂದಾಗಿ ಹುಡುಗನ ಕೆಲಸಕ್ಕೆ ಏನಾದರೂ ತೊಂದರೆಯಾದರೆ ಅಂತ ಬೆವರಿದೆ. ಅವನು ಮಾತ್ರ ಕೈಕಟ್ಟಿ ಎದ್ದು ನಿಂತು, ನಮ್ಮ ಸ್ಕೂಲಿನ ಟೀಚರ್ ಸಾರ್, ಚೇಳು ಪರೀಕ್ಷೆ ಮಾಡಿಸಲು ತಂದಿದ್ದಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿದ. ಮ್ಯಾನೇಜರು ಹತ್ತಿರ ಬಂದರು, ಕನ್ನಡಕ ಸರಿಮಾಡಿಕೊಂಡು ಬಾಟಲಿ ನೋಡಿದರು, ನನ್ನನ್ನೂ ನೋಡಿದರು.

"ಏನಂತೀರಿ ಮತ್ತೆ?" ಅಂತ ಅವರು ಕ್ಯಾಶಿಯರನ್ನು ಕೇಳಿದರು.

"ಒರಿಜಿನಲ್ಲೇ ಸಾರ್," ಅಂದ ಹುಡುಗ.

ದೊಡ್ಡದೋ ಚಿಕ್ಕದೋ

ಗೆಳತಿ ಹೇಳಿದ ಬೆಂಗಳೂರಿನ ಅಂಗಡಿಯವರು ಎರಡು ಟಾರ್ಚು ಪಾರ್ಸೆಲ್ ಮಾಡಿದರು. ನೋಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕಳಿಸಬೇಕು. ಒಂದು ಮೊಳಕೈ ಉದ್ದದ್ದು, ಮುಂದೆ ಜೇನುಗೂಡಿನ ಹಾಗೆ ಇಪ್ಪತ್ತೊಂದು ಸಣ್ಣ ಬಲ್ಬು. ಇನ್ನೊಂದು ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅದಕ್ಕೆ ಒಂದೇ ಬಲ್ಬು.

ನನ್ನ ಗಂಡ ನೋಡಿದ ಕೂಡಲೇ ದೊಡ್ಡದೇ ಆಗಬೇಕು ಅಂದರು. ಅವರದು ಯಾವ ಸಾಮಾನಿನಲ್ಲೂ ಅದೇ ಲೆಕ್ಕ. ಆದರೂ ಪರೀಕ್ಷೆ ಮಾಡದೆ ಹೇಗೆ ಅಂತ ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲು ಹಾಕಿ ಕತ್ತಲು ಮಾಡಿದೆವು. ಲ್ಯಾಬಿನ ಬಾಟಲಿಯನ್ನು ಒರಳಿನ ಮೇಲಿಟ್ಟೆ. ದೊಡ್ಡ ಟಾರ್ಚು ಹಾಕಿದರೆ ಇಡೀ ಅಡುಗೆಮನೆ ನಾಟಕದ ಸ್ಟೇಜಿನ ಹಾಗೆ ನೇರಳೆಯಾಯಿತು. ಚೇಳೂ ಹೊಳೆಯಿತು, ಆದರೆ ಆ ನೇರಳೆಯ ನಡುವೆ ಹುಡುಕಿ ನೋಡಬೇಕು. ಚಿಕ್ಕದನ್ನು ಹಾಕಿದೆ. ಕತ್ತಲು ಕತ್ತಲಾಗಿಯೇ ಉಳಿಯಿತು, ಚೇಳು ಮಾತ್ರ ಚೊಕ್ಕ ಹಸಿರಾಗಿ ಕಂಡಿತು. ಅದಕ್ಕೆ ಹಾಕುವ ಸೆಲ್ಲು ಯಾವ ಗೂಡಂಗಡಿಯಲ್ಲೂ ಸಿಗುವಂಥದ್ದು. ಮರುಭೂಮಿಗೆ ಇದೇ ಸರಿ ಅಂತ ನಿರ್ಧಾರ ಮಾಡಿ, ಇನ್ನೇನೇನು ಹೊಳೆಯುತ್ತದೆ ನೋಡೋಣ ಎಂದು ಸುಮ್ಮನೆ ಬೆಳಕನ್ನು ಗೋಡೆಯ ಮೇಲೆ ಆಡಿಸಿದೆ.

ಮೇಲಿನ ಶೆಲ್ಫಿನಲ್ಲಿ ಏನೋ ಹಳದಿಯಾಗಿ ಹೊಳೆಯಿತು. ಹತ್ತಿರ ಹೋಗಿ ನೋಡಿದೆ. ಬೆಲ್ಲದ ಡಬ್ಬಿ. ಅದರ ಮುಚ್ಚಳದ ಮೇಲೆ ಐದು ಬೆರಳಿನ ಗುರುತು. ಅರಿಶಿನ ಈ ಬೆಳಕಿಗೆ ಹೊಳೆಯುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. ಬೆಳಿಗ್ಗೆ ತಿಂಡಿಗೆ ಚಿತ್ರಾನ್ನ ಮಾಡಿದ್ದೆ. ಚಿತ್ರಾನ್ನ ತಿಂದ ಕೈ ತೊಳೆಯದೆ ಯಾರೋ ಡಬ್ಬಿ ತೆಗೆದಿದ್ದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ಆ ಶೆಲ್ಫು ನನಗೆ ಎಟುಕುವುದಿಲ್ಲ.

ನನ್ನ ಗಂಡನಿಗೆ ಸಕ್ಕರೆ ಕಾಯಿಲೆ. ನಾಲ್ಕು ತಿಂಗಳಿಂದ ಸಿಹಿ ಬಿಟ್ಟಿದ್ದೇನೆ ಅನ್ನುತ್ತಿದ್ದರು, ಪರೀಕ್ಷೆಯಲ್ಲಿ ಮಾತ್ರ ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ಪಥ್ಯ ಮಾಡಿದರೂ ಇಳಿಯದ ಮೇಲೆ ಇನ್ನು ಇಂಜೆಕ್ಷನ್ನೇ ಅಂತ ಡಾಕ್ಟರು ಹೇಳಿದ್ದರು. ಒಳಗೆ ಬೇರೇನು ಕಾಯಿಲೆ ಅಡಗಿದೆಯೋ ಅಂತ ನಾನು ಊಟ ಬಿಟ್ಟು ಚಿಂತೆ ಮಾಡುತ್ತಿದ್ದೆ. ಅದರ ಕಾರಣ ಡಬ್ಬಿಯ ಮೇಲೆ ಹೊಳೆಯುತ್ತಿರುವುದು ನೋಡಿ ನನಗೆ ಸಿಟ್ಟು ಬರುವ ಮೊದಲು ಅಬ್ಬಾ ಅನ್ನಿಸಿತು. ಎದೆಯ ಮೇಲಿನ ಭಾರ ಇಳಿದ ಹಾಗಾಗಿ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ. ಮುಚ್ಚಳದ ಮೇಲಿನ ಬೆಳಕು ಮಾತ್ರ ತೆಗೆಯಲಿಲ್ಲ.

ಅವರು ತುಂಬ ಹೊತ್ತು ಆ ಐದು ಬೆರಳನ್ನು ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಅಂದರು:

"ನಾನು ಅದಕ್ಕೇ ಹೇಳಿದ್ದು, ದೊಡ್ಡ ಟಾರ್ಚು ತಗೋ ಅಂತ. ಅದರಲ್ಲಿ ಇದೆಲ್ಲ ಕಾಣ್ತಿರಲಿಲ್ಲ."

ಮಾವನ ಹಲ್ಲು

ಇನ್ನು ಉಳಿದದ್ದು ಜೀವಂತ ಚೇಳಿನ ಮೇಲೆ ಪರೀಕ್ಷೆ. ಗೆಳತಿಯ ಎದುರು ಮರ್ಯಾದೆ ಹೋಗಬಾರದಾದರೆ ಮನೆಯವರ ಎದುರೇ ಒಮ್ಮೆ ಹೆದರಿ ಮುಗಿಸುವುದು ಒಳ್ಳೆಯದು ಅನ್ನಿಸಿತು. ಕಿಗ್ಗದಿಂದ ಸಿರಿಮನೆಗೆ ಹೋಗುವ ದಾರಿಯಲ್ಲಿ ನನ್ನ ಸೋದರಮಾವನ ಮನೆ. ಅವರ ಸೌದೆ ಕೊಟ್ಟಿಗೆಯಲ್ಲಿ ಚೇಳು ಖಾಯಂ ಅಂತ ಅತ್ತೆ ಹೇಳುತ್ತಿದ್ದರು.

ಮಾವನಿಗೆ ಎಪ್ಪತ್ತು ದಾಟಿತ್ತು. ಅವರ ಹೆಮ್ಮೆ ಅವರ ಹಲ್ಲು. ಇಷ್ಟು ವಯಸ್ಸಾದರೂ ಒಂದು ಹಲ್ಲೂ ಬಿದ್ದಿಲ್ಲ, ಎಲ್ಲ ಹುಟ್ಟಿನಿಂದ ಬಂದದ್ದೇ ಅಂತ ಬಂದವರಿಗೆಲ್ಲ ಹೇಳುವರು. ಹೇಳಿ ಸುಮ್ಮನಾಗದೆ ಬಾಯಿ ತೆರೆದು ತೋರಿಸುವರು.

ಕತ್ತಲಾಗುತ್ತಿದ್ದ ಹಾಗೆ ಮಾವ, ಅತ್ತೆ, ನಾನು ಮೂವರೂ ಕೊಟ್ಟಿಗೆಗೆ ಹೋದೆವು. ನಾನು ಬಾಗಿಲಲ್ಲೇ ನಿಂತು ಕೈ ಮಾತ್ರ ಒಳಗೆ ಚಾಚಿ ಟಾರ್ಚು ಹಾಕಿದೆ. ಸೌದೆಯ ಸಂದಿಯಲ್ಲಿ ಒಂದು ಸಣ್ಣ ಹಸಿರು ಚೇಳು. ನಾನು ಓಡಲು ತಯಾರಾಗಿದ್ದೆ. ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ಸುಮ್ಮನೆ ಕೂತಿತ್ತು. ನಾನು ಒಂದು ಹೆಜ್ಜೆ ಒಳಗಿಟ್ಟೆ. ಅದು ಇನ್ನಷ್ಟು ಸಂದಿಗೆ ಸರಿಯಿತು. ಅದಕ್ಕೂ ನನ್ನ ಹೆದರಿಕೆ ಇದೆ ಅಂತ ಗೊತ್ತಾದ ಕೂಡಲೇ ನನ್ನದು ಅರ್ಧ ಕಡಿಮೆಯಾಯಿತು.

ನೋಡಿದ್ಯಾ ಹೇಗಿದೆ ನಮ್ಮ ಚೇಳು ಅಂತ ಮಾವ ಬಾಯಿ ತುಂಬ ನಕ್ಕರು. ನಾನು ತಿರುಗುವಾಗ ಬೆಳಕು ಅವರ ಬಾಯಿಯ ಮೇಲೆ ಬಿತ್ತು. ಸ್ವಂತ ಹಲ್ಲು ಈ ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ, ಕಟ್ಟಿಸಿದ್ದು ಎಷ್ಟೋ ಸಲ ಹೊಳೆಯುವುದಿಲ್ಲ. ಮಾವನ ಬಾಯಿಯಲ್ಲಿ ಎಲ್ಲ ಹೊಳೆದವು, ಮೇಲಿನ ಸಾಲಿನ ನಡುವೆ ನಾಲ್ಕು ಹಲ್ಲಿನ ಜಾಗ ಮಾತ್ರ ತೆರೆದ ಬಾಗಿಲಿನ ಹಾಗೆ ಕಪ್ಪಗಿತ್ತು. ನಾನು ಕೂಡಲೇ ಟಾರ್ಚು ಆರಿಸಿದೆ.

ಕತ್ತಲಲ್ಲಿ ಅತ್ತೆಯ ಸ್ವರ ಬಂತು. "ಇನ್ನೊಂದ್ ಸಲ ಹಾಕು, ಕೂಸೆ."

ಹಾಕಿದೆ. ಮಾವ ಬಾಯಿ ಮುಚ್ಚಿಕೊಂಡಿದ್ದರು. ಮುಚ್ಚಿದ್ದೇ ಒಪ್ಪಿಕೊಂಡ ಹಾಗಾಯಿತು. ಎರಡು ವರ್ಷದ ಹಿಂದೆ ಅಂಗಳದಲ್ಲಿ ಜಾರಿ ಬಿದ್ದಾಗ ನಾಲ್ಕು ಹಲ್ಲು ಹೋಗಿತ್ತಂತೆ. ಹೇಳಲು ನಾಚಿಕೆಯಾಗಿ, ಮುಖಕ್ಕೆ ಟವೆಲು ಒತ್ತಿಕೊಂಡು ಅದೇ ದಿನ ಶಿವಮೊಗ್ಗದ ಬಸ್ಸು ಹತ್ತಿ ತಾತ್ಕಾಲಿಕ ಹಲ್ಲು ಹಾಕಿಸಿಕೊಂಡು ಬಂದಿದ್ದರಂತೆ. ಆಮೇಲೂ ಕೋರ್ಟಿನ ಕೆಲಸ ಅಂತ ಹೇಳಿ ಹೋಗಿ ಬಂದು ಖಾಯಂ ಹಲ್ಲು ಕಟ್ಟಿಸಿಕೊಂಡಿದ್ದರು. ಇಷ್ಟು ಕೇಳಿದ ಅತ್ತೆ ಸೌದೆಯ ರಾಶಿಯ ಮೇಲೆ, ಚೇಳಿನ ಪಕ್ಕದಲ್ಲೇ, ಕುಸಿದು ಕೂತರು. ಮಾವನ ಅಂಗಿಯ ಜೇಬಿನಲ್ಲಿ ಶಿವಮೊಗ್ಗದ ಡಾಕ್ಟರ ಚೀಟಿ ಸಿಕ್ಕಿತ್ತು, ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ದೊಡ್ಡ ಕಾಯಿಲೆಯೇ ಇರಬೇಕು, ನನಗೆ ಹೇಳದೆ ಒಬ್ಬರೇ ಅನುಭವಿಸುತ್ತಿದ್ದಾರೆ ಅಂತ ಅವರು ಎರಡು ವರ್ಷ ಒಳಗೊಳಗೇ ಬೆಂದಿದ್ದರು. ಗುಣವಾದರೆ ಕಿಗ್ಗದ ದೇವಸ್ಥಾನದಲ್ಲಿ ಪೂಜೆ ಮಾಡಿಸುತ್ತೇನೆ ಅಂತ ಹರಕೆಯನ್ನೂ ಹೊತ್ತಿದ್ದರು. ಹೇಳುತ್ತ ಹೇಳುತ್ತ ಅತ್ತೆ ಅತ್ತರು, ಅಳುತ್ತಲೇ ನಗಲು ಶುರುಮಾಡಿದರು. ಮಾವ ಎಂದೂ ಮಾಡದವರು ಅವತ್ತು ಅವರ ಕೈ ಹಿಡಿದು ಎಬ್ಬಿಸಿದರು. ಹರಕೆ ತೀರಿಸೋಣ, ಆದರೆ ಭಟ್ಟರು ಯಾಕೆ ಏನು ಅಂತ ಕೇಳಿದರೆ ಎಂತ ಹೇಳುವುದು ಅಂತ ಚಿಂತೆಯಿಂದ ಕೇಳಿದರು.

"ನಿಮ್ಮ ಹೆಸರು ಹೇಳುದಿಲ್ಲೆ," ಅಂದರು ಅತ್ತೆ. "ಆ ನಾಲ್ಕು ಹಲ್ಲಿನ ಹೆಸರಲ್ಲೇ ಸಂಕಲ್ಪ ಮಾಡಿಸ್ತೆ."

ಮರಳಿನಲ್ಲಿ

ಅಂತೂ ರಜೆ ಬಂತು, ಮೂರು ರೈಲು ಬದಲಾಯಿಸಿ ನಾನೂ ಮರುಭೂಮಿ ತಲುಪಿದೆ. ಗೆಳತಿಯ ಜೊತೆ ಅಲ್ಲಿಯವರೇ ಆದ ಒಬ್ಬರು ಮುದುಕರು ದಾರಿ ತೋರಿಸಲು ಬರುತ್ತಿದ್ದರು. ಒಂಟೆ ಸಾಕಿದವರು, ದೊಡ್ಡ ರುಮಾಲು, ಮಾತು ಕಮ್ಮಿ. ಅವರ ಭಾಷೆ ನನಗೆ ತಿಳಿಯದು, ಗೆಳತಿ ಕನ್ನಡ ಮಾಡಿ ಹೇಳುತ್ತಿದ್ದಳು. ಉದ್ದ ಬೂಟು ಹಾಕು ಅಂತ ಅವಳು ಹೇಳಿದ್ದಳು. ನಾನು ಸೆಕೆಯೆಂದು ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದೆ.

ಆ ರಾತ್ರಿ ಚಂದ್ರನಿರಲಿಲ್ಲ. ನನ್ನ ಚಿಕ್ಕ ಟಾರ್ಚು ಹಾಕಿದರೆ ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕಿ ಎದ್ದವು. ಪೊದೆಯ ಬುಡದಲ್ಲಿ ಒಂದು, ಬಿಲದ ಬಾಯಲ್ಲಿ ಒಂದು, ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿ ಒಂದು. ಟಾರ್ಚು ಚೆನ್ನಾಗಿ ಆರಿಸಿದ್ದೀಯ ಅಂತ ಗೆಳತಿ ಹೊಗಳಿದಳು. ನಾನು ಧೈರ್ಯವಾಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಮುಂದೆ ನಡೆದೆ. ಹನ್ನೊಂದನೆಯ ಚೇಳು ಬರೆಯುವಾಗ ಕಾಲಿಗೆ ಚುರ್ ಅಂತ ಚುಚ್ಚಿತು.

ಕುಟುಕಿತು ಅಂತ ಕೂಗಿ ಮರಳಿನ ಮೇಲೆ ಕೂತೆ. ಗೆಳತಿ ಓಡಿ ಬಂದು ಅಲುಗಾಡಬೇಡ ಅಂದಳು. ಶೂ ಬಿಚ್ಚಿ ತನ್ನ ಟಾರ್ಚು ಬಿಟ್ಟಳು. ಸೋಪಿನಲ್ಲಿ ಒಗೆದ ನನ್ನ ಕಾಲುಚೀಲ ಬೆಳ್ಳಗೆ ಹೊಳೆಯಿತು, ಹಸಿರು ಎಲ್ಲೂ ಕಾಣಲಿಲ್ಲ. ಚೇಳು ಕೆಲಸ ಮುಗಿಸಿ ಹೋಗಿದೆ ಅಂದುಕೊಂಡೆ. ಮುದುಕರು ಮಾಮೂಲಿ ಬಿಳಿ ಟಾರ್ಚು ಹಿಡಿದರು, ಗೆಳತಿ ನನ್ನ ಪಾದದ ಮೇಲೆ ಬಗ್ಗಿದಳು. ನನಗೆ ಕಾಲು ಜೋಮು ಹಿಡಿಯಿತು, ನಾಲಿಗೆ ದಪ್ಪವಾಯಿತು, ಬೆವರು ಕಿತ್ತುಬಂತು. ಮಕ್ಕಳಿಗೆ ಇಪ್ಪತ್ತು ವರ್ಷ ನಾನು ಬರೆಸಿದ ಲಕ್ಷಣಗಳೆಲ್ಲ ನೋಟ್ಸಿನಲ್ಲಿದ್ದ ಕ್ರಮದಲ್ಲೇ ಒಂದೊಂದಾಗಿ ಬಂದವು.

ಇನ್ನು ಹೆಚ್ಚು ಹೊತ್ತಿಲ್ಲ ಅನ್ನಿಸಿತು. ಮನಸ್ಸಿನಲ್ಲಿ ಒಂದು ಮಾತು ಇಟ್ಟುಕೊಂಡು ಹೋಗಬಾರದು ಅಂತ ಗೆಳತಿಗೆ ಹೇಳಲು ಶುರುಮಾಡಿದೆ. ಸೆಕೆಂಡ್ ಇಯರಿನಲ್ಲಿ ನಮ್ಮ ಕಾಲೇಜಿನ ಹೊಸ ಮೈಕ್ರೋಸ್ಕೋಪಿನ ಲೆನ್ಸು ಒಡೆದಿತ್ತು. ಅದನ್ನು ಕೊನೆಗೆ ಮುಟ್ಟಿದವಳು ಇವಳೇ ಅಂತ ಪ್ರೊಫೆಸರು ಇವಳನ್ನು ಒಂದು ತಿಂಗಳು ಲ್ಯಾಬಿನ ಹೊರಗೆ ನಿಲ್ಲಿಸಿದ್ದರು. ಒಡೆದವಳು ನಾನು. ಹೇಳಲು ಧೈರ್ಯ ಬರಲಿಲ್ಲ. ಅವಳು ರೂಮಿನಲ್ಲಿ ಅಳುವಾಗ ನಾನು ಸಮಾಧಾನ ಮಾಡಿದ್ದೆ. ಸಮಾಧಾನ ಮಾಡಿದ್ದಕ್ಕೆ ಅವಳು ತನ್ನ ಅಮ್ಮ ಕಳಿಸಿದ ಕೋಡುಬಳೆಯಲ್ಲಿ ಅರ್ಧ ಕೊಟ್ಟಿದ್ದಳು, ಅದನ್ನೂ ತಿಂದಿದ್ದೆ. ಇದನ್ನೆಲ್ಲ ಒಂದೂ ಬಿಡದೆ ಹೇಳಿ, ಕ್ಷಮಿಸು ಅಂತ ಅವಳ ಭುಜ ಹಿಡಿದು ಅತ್ತೆ. ಅವಳು ತಲೆ ಎತ್ತಲಿಲ್ಲ. ಭುಜ ಮಾತ್ರ ಅಲುಗುತ್ತಿತ್ತು. ಅವಳೂ ಅಳುತ್ತಿದ್ದಾಳೆ ಅಂದುಕೊಂಡೆ.

ಕೊನೆಗೆ ಮುಖ ಎತ್ತಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು. ಬೆರಳ ತುದಿಯಲ್ಲಿ ಒಂದಂಗುಲದ ಮುಳ್ಳು.

ಹೋದ ಜೀವ ಬಂತು. ಕಾಲಿನ ಜೋಮು, ನಾಲಿಗೆಯ ದಪ್ಪ ಎಲ್ಲ ಅಲ್ಲಿಗೇ ಇಳಿಯಿತು. ಮುಳ್ಳು ಸಿಕ್ಕಿ ಎಷ್ಟು ಹೊತ್ತಾಯಿತು ಅಂತ ಕೇಳಿದೆ.

"ನೀನು ಮೈಕ್ರೋಸ್ಕೋಪು ಅಂದೆಯಲ್ಲ, ಅಷ್ಟೊತ್ತಿಗೇ ಸಿಕ್ಕಿತ್ತು ಮಾರಾಯ್ತಿ. ಒಡೆದವಳು ನೀನು ಅಂತ ಅಟೆಂಡರು ನನಗೆ ಆ ವಾರವೇ ಹೇಳಿದ್ದ. ನೀನೇ ಯಾವತ್ತು ಹೇಳ್ತೀಯ ನೋಡೋಣ ಅಂತ ಸುಮ್ಮನಿದ್ದೆ. ಆ ಕೋಡುಬಳೆ ಮಾತ್ರ ನಿನಗೆ ಇನ್ನೂ ಅರಗಿಲ್ಲ ಅಂತ ಇವತ್ತು ಗೊತ್ತಾಯಿತು."

ನಾವಿಬ್ಬರೂ ಮರಳಿನ ಮೇಲೆ ಬಿದ್ದು ನಗುವುದನ್ನು ನೋಡಿ ಮುದುಕರು ಏನಾಯಿತೆಂದು ಕೇಳಿದರು. ಗೆಳತಿ ಮೊದಲಿಂದ ಕೊನೆಯವರೆಗೆ ಅವರ ಭಾಷೆಯಲ್ಲಿ ಹೇಳಿದಳು. ಅವರು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, ರುಮಾಲು ಸರಿಮಾಡಿಕೊಂಡು ಏನೋ ಹೇಳಿದರು. ಏನಂತೆ ಅಂತ ನಾನು ಕೇಳಿದೆ.

"ಅವರ ಊರಿನಲ್ಲೂ ಚೇಳು ಕುಟುಕಿತು ಅಂದರೆ ಎಲ್ಲರೂ ಹೀಗೇ ಒಳಗಿದ್ದದ್ದೆಲ್ಲ ಹೇಳಿಬಿಡ್ತಾರಂತೆ," ಅಂದಳು ಗೆಳತಿ. "ಅದಕ್ಕೇ ಅವರ ಕಡೆ ಮುಳ್ಳು ಅಂತ ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಯಾರೂ ಹೇಳುವುದಿಲ್ಲವಂತೆ."